ಬಿಟ್ಟುಹೋದ ‘ಸಿ’

ಗಣಿತದ ಕಿರುಪರೀಕ್ಷೆಯ ಪತ್ರಿಕೆ ಹಿಡಿದು, ಪಿಯುಸಿ ಓದುವ ಮೊಮ್ಮಗಳು ಬಸವನಗುಡಿಯ ನಮ್ಮ ಮನೆಗೆ ಬಂದಳು. ಮುಖ ಊದಿತ್ತು. 2ಎಕ್ಸ್ ಅನ್ನು ಅನುಕಲಿಸಿ ‘ಎಕ್ಸ್ ವರ್ಗ’ ಎಂದಷ್ಟೇ ಬರೆದಿದ್ದಳು. ಒಂದು ಅಂಕ ಹೋಗಿತ್ತು.

“ಒಂದು ಸಿ ಬರೀಲಿಲ್ಲ ಅಂತ ಅಂಕ ಕಳೀತಾರಾ ತಾತ?”

“ಎಕ್ಸ್ ವರ್ಗಕ್ಕೆ 5 ಕೂಡಿಸಿ ಅವಕಲಿಸು.”

“2ಎಕ್ಸ್.”

“7 ಕೂಡಿಸಿದ್ರೆ?”

“ಅದೂ 2ಎಕ್ಸೇ…” ಎಂದು ತಡೆದಳು.

“ಆಟೋದ ವೇಗ ಗೊತ್ತಿದ್ರೆ ಎಷ್ಟು ದೂರ ಓಡ್ತು ಅಂತ ಲೆಕ್ಕ ಹಾಕಬಹುದು. ಹೊರಟಿದ್ದು ಗಾಂಧಿಬಜಾರಿಂದಲೋ ಚಾಮರಾಜಪೇಟೆಯಿಂದಲೋ ತಿಳಿಯದೆ ಈಗ ಎಲ್ಲಿದೆ ಅಂತ ಹೇಳೋಕಾಗತ್ತಾ? ಆ ಹೊರಟ ಜಾಗಾನೇ ಸಿ.”

ಪಿಯುಸಿಯಲ್ಲಿ ನಾನೂ ಇದೇ ಸಿ ಬಿಟ್ಟು, ಪತ್ರಿಕೆಯನ್ನು ಅಪ್ಪನಿಗೆ ತೋರಿಸದೆ ಅಕ್ಕಿ ಡಬ್ಬದ ಹಿಂದೆ ಬಚ್ಚಿಟ್ಟಿದ್ದನ್ನು ಆಗ ಹೇಳಿದೆ. (ಇದು ಅವಳ ಅಜ್ಜಿಗೂ ಗೊತ್ತಿರಲಿಲ್ಲ.) ಮೊಮ್ಮಗಳು ನಕ್ಕು, ಪೆನ್ಸಿಲಿನಲ್ಲಿ ಸಿ ಸೇರಿಸಿ, ಅಪ್ಪ ಬಂದಾಗ ತೋರಿಸಲೆಂದು ಪತ್ರಿಕೆಯನ್ನು ಊಟದ ಮೇಜಿನ ಮೇಲೇ ಇಟ್ಟಳು.