ಲಾಲ್‌ಬಾಗ್, ಹಂಪಿ, ಬಾದಾಮಿ: ಕಲ್ಲು ನೋಡೋಕೊಂದು ಟ್ರಿಪ್

ಲಾಲ್‌ಬಾಗ್‌ಗೆ ಹೋದವರೆಲ್ಲ ಬಂಡೆ ಹತ್ತಿ, ಕೆಂಪೇಗೌಡ ಗೋಪುರದ ಮುಂದೆ ಸೆಲ್ಫಿ ತಗೊಂಡು ಇಳೀತಾರೆ. ಮುಂದಿನ ಸಲ ಕಾಲ ಕೆಳಗೂ ಸ್ವಲ್ಪ ನೋಡಿ. ಬಂಡೆಯ ಮೈಮೇಲೆ ಬಿಳಿ, ಬೂದು ಪಟ್ಟೆಗಳು ಅಂಕುಡೊಂಕಾಗಿ ಹರಿದಿರುತ್ತವೆ. ಸುಮಾರು 300 ಕೋಟಿ ವರ್ಷ ಹಳೆಯ ಈ ಕಲ್ಲಿನ ಹೆಸರು ನೈಸ್. ಮೊದಲೇ ಇದ್ದ ಕಲ್ಲು ಭೂಮಿಯ ಆಳದಲ್ಲಿ ಶಾಖ, ಒತ್ತಡಕ್ಕೆ ಸಿಕ್ಕಿ ಸ್ವಭಾವವನ್ನೇ ಬದಲಿಸಿಕೊಂಡರೆ ಅದು ರೂಪಾಂತರ ಶಿಲೆ. ಖನಿಜಗಳು ಬೇರೆ ಬೇರೆಯಾಗಿ ಸಾಲುಗಟ್ಟಿದ ಗುರುತೇ ಆ ಪಟ್ಟೆಗಳು. ಹಳೇಬೀಡಿನ ಶಿಲ್ಪಿಗಳು ಕೆತ್ತಿದ ಬಳಪದ ಕಲ್ಲೂ ಇದೇ ಕುಟುಂಬದ್ದು.

ಬೆಂಗಳೂರಿನಿಂದ ಹೊಸಪೇಟೆಗೆ ರಾತ್ರಿ ರೈಲು ಹತ್ತಿದರೆ ಬೆಳಗ್ಗೆ ಹಂಪಿ. ಮಾತಂಗ ಬೆಟ್ಟದ ಮೇಲೆ ನಿಂತರೆ ಯಾರೋ ಬುಟ್ಟಿಯಿಂದ ಸುರಿದ ಹಾಗೆ ಗುಂಡುಗಳ ರಾಶಿ. ಆದರೆ ಅವು ಎಲ್ಲಿಂದಲೋ ಉರುಳಿ ಬಂದವಲ್ಲ. ಸುಮಾರು 250 ಕೋಟಿ ವರ್ಷಗಳ ಹಿಂದೆ ನೆಲದಾಳದಲ್ಲಿ ಕುದಿಯುತ್ತಿದ್ದ ಶಿಲಾರಸ ನಿಧಾನವಾಗಿ ತಣ್ಣಗಾಗಿ ಗಟ್ಟಿಯಾದದ್ದೇ ಈ ಗ್ರಾನೈಟ್. ಇದು ಅಗ್ನಿಶಿಲೆ. ನಿಧಾನವಾಗಿ ಆರಿದ್ದರಿಂದಲೇ ಹರಳುಗಳು ಬರಿಗಣ್ಣಿಗೆ ಕಾಣುವಷ್ಟು ದಪ್ಪ. ಮೇಲಿನ ನೆಲ ಸವೆದು ಬಂಡೆ ಹೊರಬಂತು. ಬಿರುಕುಗಳಲ್ಲಿ ನೀರು ಇಳಿದು ಮೂಲೆಗಳನ್ನು ತಿಂದು, ಇದ್ದಲ್ಲೇ ಗುಂಡಾಗಿಸಿತು. ಕಲ್ಲು ಸೀಳಲು ಸಾಲಾಗಿ ಕೊರೆದ ಹಳೇ ತೂತುಗಳನ್ನೂ ಅಲ್ಲಲ್ಲಿ ಕಾಣಬಹುದು.

ಅಲ್ಲಿಂದ ಬಾದಾಮಿಗೆ ಬಂದರೆ ಬಣ್ಣವೇ ಬೇರೆ. ಅಗಸ್ತ್ಯ ತೀರ್ಥದ ಸುತ್ತ ಕೆಂಪು ಮರಳುಗಲ್ಲಿನ ಗೋಡೆ. ಎಂದೋ ನೀರು ಹೊತ್ತು ತಂದ ಮರಳು ಒಂದರ ಮೇಲೊಂದು ಪದರವಾಗಿ ಕೂತು, ಮೇಲಿನ ಭಾರಕ್ಕೆ ಅಮುಕಿ, ಕಣಗಳು ಅಂಟಿಕೊಂಡು ಕಲ್ಲಾದವು. ಇದು ಜಲಜ ಶಿಲೆ. ಕೆಂಪು ಬಂದದ್ದು ಕಬ್ಬಿಣದ ತುಕ್ಕಿನಿಂದ. ಗೋಡೆಯನ್ನು ಪಕ್ಕದಿಂದ ನೋಡಿ, ಪದರಗಳನ್ನು ಎಣಿಸಬಹುದು. ಗ್ರಾನೈಟ್‌ಗಿಂತ ಮೆದುವಾದ್ದರಿಂದಲೇ ಚಾಲುಕ್ಯರ ಕಾಲದವರು ಬೆಟ್ಟದೊಳಗೇ ಗುಹಾಲಯಗಳನ್ನು ಕೊರೆದರು. ಮೂರನೇ ಗುಹೆಯ ಶಾಸನದ ಕಾಲ ಕ್ರಿ.ಶ. 578.

ಉಳಿಗೆ ಒಲಿಯುವ ಕಲ್ಲು ಬೀಗದ ಕೈಗೂ ಒಲಿಯುತ್ತದೆ, ಸಂಕಟ ಇರೋದು ಅಲ್ಲೇ. ಬಾದಾಮಿಯ ಬಂಡೆಗಳ ಮೇಲೆ ಹೃದಯದ ಗುರುತು, ಜೋಡಿ ಹೆಸರು ಕಂಡರೆ ಹೊಟ್ಟೆ ಉರಿಯುತ್ತೆ. ಗೀಚಿದ ಕಡೆ ಮೇಲ್ಮೈ ಒಡೆದು, ಮಳೆ ನೀರಿಗೆ ಸುಲಭವಾಗಿ ದಾರಿಯಾಗುತ್ತದೆ. ಇತ್ತ ಗ್ರಾನೈಟ್ ಎಷ್ಟೇ ಗಟ್ಟಿ ಅಂದರೂ ಕ್ವಾರಿಯ ಸಿಡಿಮದ್ದಿನ ಮುಂದೆ ನಿಲ್ಲಲ್ಲ. ಗುಡ್ಡವೊಂದು ಜಲ್ಲಿಯಾಗಲು ಕೆಲವು ವರ್ಷ ಸಾಕು. ಮತ್ತೆ ಗುಡ್ಡವಾಗಲು ನಮ್ಮ ಯಾವ ಲೆಕ್ಕಕ್ಕೂ ಸಿಗದಷ್ಟು ಕಾಲ ಬೇಕು.

ಲಾಂಗ್ ವೀಕೆಂಡ್ ಸಿಕ್ಕರೆ ಹೋಗಿಬನ್ನಿ. ನೀರಿನ ಬಾಟ್ಲಿ, ಟೋಪಿ, ಒಳ್ಳೆ ಹಿಡಿತದ ಶೂ ಇರಲಿ. ಮಕ್ಕಳಿದ್ದರೆ ಕರ್ಕೊಂಡು ಹೋಗಿ, ಶಾಲೆಯಲ್ಲಿ ಬಾಯಿಪಾಠ ಮಾಡೋ ಮೂರು ಶಿಲೆಗಳನ್ನು ಕೈಯಿಂದ ಮುಟ್ಟಿ ನೋಡಲಿ. ಮುಟ್ಟಿದರೆ ಸಾಕು, ಗೀಚೋದು ಬೇಡ.