ಪಂಜರದ ಕರೆಗೆ ಓಗೊಡುವ ಬಗೆ

ಜೀವದಯೆಯ ಮಾತು ಬಂದಾಗ ನಮ್ಮ ಮನಸ್ಸು ಸಾಮಾನ್ಯವಾಗಿ ಗೋಶಾಲೆಯ ಕಡೆಗೆ, ಬೇಸಗೆಯಲ್ಲಿ ಮಾಳಿಗೆಯ ಮೇಲೆ ಇಡುವ ನೀರಿನ ಬಟ್ಟಲಿನ ಕಡೆಗೆ, ಬಸದಿಯ ಅಂಗಳದಲ್ಲಿ ಹಕ್ಕಿಗಳಿಗೆ ಚೆಲ್ಲುವ ಕಾಳಿನ ಕಡೆಗೆ ಹರಿಯುತ್ತದೆ. ಇವೆಲ್ಲವೂ ಶ್ಲಾಘ್ಯವೇ. ಆದರೆ ನಮ್ಮ ಮನೆಯೊಳಗೇ ಪಂಜರದಲ್ಲಿ ಕುಳಿತು ದಿನವಿಡೀ ನಮ್ಮನ್ನು ಕೂಗಿ ಕರೆಯುವ ಜೀವದ ವಿಷಯದಲ್ಲಿ ಶ್ರಾವಕನ ಕರ್ತವ್ಯವೇನು ಎಂಬುದು ಅಷ್ಟಾಗಿ ಚರ್ಚೆಗೆ ಬಂದಂತಿಲ್ಲ. ಇತ್ತೀಚಿನ ವರ್ಷಗಳಲ್ಲಿ ತಾಲ್ಲೂಕು ಕೇಂದ್ರಗಳ ಮನೆಗಳಲ್ಲಿಯೂ ಪರದೇಶದ ಹಕ್ಕಿಗಳು ಕಾಣಿಸಿಕೊಳ್ಳುತ್ತಿರುವುದರಿಂದ, ನನ್ನ ಅನುಭವಕ್ಕೆ ಬಂದ ಕೆಲವು ಸಂಗತಿಗಳನ್ನು ವಾಚಕರ ಮುಂದಿಡಬಯಸುತ್ತೇನೆ.

ಶ್ರೀನಿವಾಸಪುರದ ನಮ್ಮ ಮನೆಗೆ ಮೂರು ವರ್ಷಗಳ ಹಿಂದೆ ಒಂದು ಕಾಕಟೀಲ್ ಹಕ್ಕಿ ಬಂದಿತು. ಬೆಂಗಳೂರಿನಲ್ಲಿದ್ದ ನನ್ನ ತಂಗಿಯ ಮಗನು ಉದ್ಯೋಗ ನಿಮಿತ್ತ ಸಂಸಾರಸಮೇತ ಪರದೇಶಕ್ಕೆ ಹೊರಟಾಗ, ಅದನ್ನು ಜೊತೆಯಲ್ಲಿ ಒಯ್ಯಲಾಗದೆ, ಮಾರಲೂ ಮನಸ್ಸು ಬಾರದೆ, “ಮಾವ, ನಿಮ್ಮ ಮನೆಯಲ್ಲಾದರೆ ಇದಕ್ಕೆ ತೊಂದರೆಯಾಗುವುದಿಲ್ಲ” ಎಂದು ಒಪ್ಪಿಸಿ ಹೋದನು. ಅದರ ಹೆಸರು ಮಿಟ್ಟು. ಬೂದುಬಣ್ಣದ ಮೈ, ಹಳದಿ ತಲೆ, ಕೆನ್ನೆಯ ಮೇಲೆ ಕಿತ್ತಳೆ ಬಣ್ಣದ ಬೊಟ್ಟು, ಮನಸ್ಸಿನ ಸ್ಥಿತಿಗೆ ತಕ್ಕಂತೆ ಏಳುವ ಬೀಳುವ ಜುಟ್ಟು. ಬಾಲವೂ ಸೇರಿ ಒಂದು ಅಡಿ ಉದ್ದ. ತೂಕ 100 ಗ್ರಾಮಿನ ಆಸುಪಾಸು. ಇಷ್ಟು ಪುಟ್ಟ ದೇಹದಿಂದ ಹೊರಡುವ ಕೂಗು ಮಾತ್ರ ಮೂರು ಮನೆಗಳಾಚೆಗೂ ಕೇಳಿಸುವಂಥದು.

ನಮ್ಮ ಗೋಡೆಗೆ ಹೊಂದಿಕೊಂಡ ಮನೆಯ ಹಿರಿಯರೊಬ್ಬರು ಆಗಷ್ಟೇ ಹೃದಯದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ವಿಶ್ರಾಂತಿಯಲ್ಲಿದ್ದರು. ಎರಡನೆಯ ವಾರ ಅವರು ಸಂಕೋಚದಿಂದಲೇ, “ಮೇಷ್ಟ್ರೇ, ಹಗಲು ಸ್ವಲ್ಪ ಕಣ್ಣು ಮುಚ್ಚೋಣವೆಂದರೆ ನಿಮ್ಮ ಹಕ್ಕಿ ಬಿಡುತ್ತಿಲ್ಲ” ಎಂದರು. ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ; ಆಯಾಸವಿತ್ತು. ಒಂದು ಕಡೆ ರೋಗಿಯ ನಿದ್ರೆ, ಇನ್ನೊಂದು ಕಡೆ ಬಂಧನದಲ್ಲಿರುವ ಜೀವದ ಮೊರೆ. ಇಬ್ಬರಲ್ಲಿ ಯಾರನ್ನೂ ನೋಯಿಸದೆ ನಡೆಯುವ ದಾರಿಯನ್ನು ನಾವು ಹುಡುಕಬೇಕಾಗಿತ್ತು.

ಸಲಹೆಗಳಿಗೆ ಕೊರತೆಯಿರಲಿಲ್ಲ. ಕೂಗಿದಾಗಲೆಲ್ಲ ಪಂಜರಕ್ಕೆ ಕಪ್ಪು ಬಟ್ಟೆ ಹೊದಿಸಿರಿ ಎಂದರು ಕೆಲವರು. ಹಿಂದಿನ ಉಗ್ರಾಣದಲ್ಲಿಟ್ಟು ಬಾಗಿಲು ಹಾಕಿರಿ ಎಂದರು ಮತ್ತೆ ಕೆಲವರು. ಪಂಜರವನ್ನು ಕೋಲಿನಿಂದ ಕುಟ್ಟಿ ಹೆದರಿಸಬೇಕೆಂದು ಒಬ್ಬರು, ಒಂದು ಹೊತ್ತು ಕಾಳು ಹಾಕದಿದ್ದರೆ ತಾನಾಗಿ ದಾರಿಗೆ ಬರುತ್ತದೆಂದು ಇನ್ನೊಬ್ಬರು, ರೆಕ್ಕೆಯ ಗರಿ ಕತ್ತರಿಸಿದರೆ ಸೊಕ್ಕು ಇಳಿಯುತ್ತದೆಂದು ಮತ್ತೊಬ್ಬರು ಹೇಳಿದರು. ಹೇಳಿದವರಾರೂ ಕ್ರೂರಿಗಳಲ್ಲ. ಹಕ್ಕಿಯ ಕೂಗು ಹಟದಿಂದ ಹುಟ್ಟಿದ್ದೆಂಬ ಗ್ರಹಿಕೆಯೇ ಈ ಎಲ್ಲ ಸಲಹೆಗಳ ಮೂಲ.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿರುವುದು ವಾಚಕರಿಗೆ ತಿಳಿದದ್ದೇ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಕರ್ನಾಟಕದ ಹೆಮ್ಮೆಯ ಆಚಾರ್ಯರಾದ ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಇವುಗಳನ್ನು ವಿವರಿಸುತ್ತಾ, ಜೀವಿಯು ತನಗೆ ಬೇಕಾದ ಕಡೆಗೆ ಹೋಗದಂತೆ ತಡೆಯುವುದೇ ಬಂಧವೆಂದೂ, ಇಲ್ಲಿ ವಧವೆಂದರೆ ಪ್ರಾಣಹರಣವಲ್ಲದೆ ಕೋಲು ಚಾವಟಿ ಮುಂತಾದವುಗಳಿಂದ ಹೊಡೆಯುವುದೆಂದೂ ತಿಳಿಸುತ್ತಾರೆ. ಎತ್ತು ಕುದುರೆಗಳನ್ನು ಸಾಕುತ್ತಿದ್ದ ಗೃಹಸ್ಥರ ಕಾಲದ ಈ ವಿವೇಚನೆ ನಮ್ಮ ನಡುಮನೆಯ ಪಂಜರಕ್ಕೆ ಎಷ್ಟು ಸರಿಯಾಗಿ ಹೊಂದುತ್ತದೆಂಬುದನ್ನು ನೋಡಿರಿ. ಪಂಜರವೇ ಬಂಧ. ಕುಟ್ಟಿ ಹೆದರಿಸುವುದು ವಧದ ನೆರಳು. ಹಾರದಂತೆ ಗರಿ ಕತ್ತರಿಸುವುದು, ಅದರಿಂದ ನೋವಾಗದಿದ್ದರೂ, ಛೇದದ ಸಮೀಪಕ್ಕೆ ಬರುತ್ತದೆ. ಹಸಿವಿನಿಂದ ಪಳಗಿಸುವುದು ನೇರವಾಗಿ ಅನ್ನಪಾನನಿರೋಧ. ಹಿಂಡಿನಲ್ಲಿ ಬಾಳಬೇಕಾದ ಜೀವದ ಮೇಲೆ ದಿನವಿಡೀ ಒಂಟಿತನವನ್ನು ಹೇರುವುದನ್ನು ಒಂದು ಬಗೆಯ ಅತಿಭಾರವೆಂದು ನಾನು ಭಾವಿಸುತ್ತೇನೆ. ಇದು ನನ್ನ ಅಲ್ಪಮತಿಗೆ ತೋಚಿದ ಅರ್ಥವೇ ಹೊರತು ಟೀಕಾಕಾರರದಲ್ಲ.

ಹಾಗಾದರೆ ಪಂಜರದ ಬಾಗಿಲು ತೆರೆದು ಹಾರಿಬಿಡುವುದೇ ಅಭಯದಾನವಲ್ಲವೇ ಎಂದು ಧರ್ಮಬಂಧುಗಳೊಬ್ಬರು ಕೇಳಿದರು. ಪ್ರಶ್ನೆ ಸಹಜವಾದುದು. ಹಳೆಯ ದೆಹಲಿಯ ದಿಗಂಬರ ಜೈನ ಲಾಲ್ ಮಂದಿರದ ಆವರಣದಲ್ಲಿರುವ ಪಕ್ಷಿ ಚಿಕಿತ್ಸಾಲಯದಲ್ಲಿ ಗುಣವಾದ ಹಕ್ಕಿಗಳನ್ನು ಆಕಾಶಕ್ಕೆ ಬಿಡುವ ಪದ್ಧತಿಯನ್ನು ನಾವೆಲ್ಲರೂ ಗೌರವದಿಂದ ಸ್ಮರಿಸುತ್ತೇವೆ. 2015ರಲ್ಲಿ ದೆಹಲಿಯ ಉಚ್ಚ ನ್ಯಾಯಾಲಯವೂ ಹಕ್ಕಿಗಳಿಗೆ ಹಾರುವ ಹಕ್ಕಿದೆಯೆಂಬ ಅಭಿಪ್ರಾಯವನ್ನು ವ್ಯಕ್ತಪಡಿಸಿತು. ಆದರೆ ಪಾರಿವಾಳಕ್ಕೆ ದೆಹಲಿಯ ಆಕಾಶ ತವರು. ಕಾಕಟೀಲಿಗೆ ಶ್ರೀನಿವಾಸಪುರದ ಆಕಾಶ ತವರಲ್ಲ. ಇದರ ಮೂಲ ಆಸ್ಟ್ರೇಲಿಯದ ಒಳನಾಡಿನ ಒಣ ಬಯಲು. ಆ ದೇಶವು ತನ್ನ ಹಕ್ಕಿಗಳ ವಾಣಿಜ್ಯ ರಫ್ತನ್ನು 1960ರ ಸುಮಾರಿಗೇ ನಿಲ್ಲಿಸಿದ್ದು, ಇಂದು ನಮ್ಮ ಪೇಟೆಗಳಲ್ಲಿ ಮಾರಾಟವಾಗುವವು ಪಂಜರದಲ್ಲಿಯೇ ತಲೆತಲಾಂತರದಿಂದ ಹುಟ್ಟಿ ಬೆಳೆದವು. ಕಾಳು ಬಟ್ಟಲಿನಲ್ಲಿ ಸಿಗುತ್ತದೆಂದಷ್ಟೇ ಬಲ್ಲ, ಹದ್ದು ಕಾಗೆಗಳ ಗುರುತಿಲ್ಲದ ಹಕ್ಕಿಯನ್ನು ಮಾವಿನ ತೋಪಿಗೆ ಬಿಟ್ಟರೆ ಅದು ಎರಡು ದಿನ ಬದುಕಿದರೆ ಹೆಚ್ಚು. ಫಲವನ್ನು ಯೋಚಿಸದೆ ಬಾಗಿಲು ತೆರೆಯುವುದು ನಮ್ಮ ಮನಸ್ಸಿನ ಭಾರವನ್ನು ಇಳಿಸೀತು. ಹಕ್ಕಿಗೆ ಅಭಯವನ್ನು ಕೊಡಲಾರದು. ದಯೆಗೆ ವಿವೇಕ ಜೊತೆಯಾಗದಿದ್ದರೆ ಅದೂ ಪ್ರಮಾದವೇ.

ಬಿಡಲಾಗದು, ಬಾಯಿ ಮುಚ್ಚಿಸಲಾಗದು. ಉಳಿದದ್ದು ಅದರ ಕರೆಯನ್ನು ಅರ್ಥಮಾಡಿಕೊಳ್ಳುವ ಮಾರ್ಗ. ಕಾಕಟೀಲ್ ಹಿಂಡಿನ ಹಕ್ಕಿ. ನೀರು ಮೇವುಗಳನ್ನು ಅರಸುತ್ತಾ ಗುಂಪಾಗಿ ಅಲೆಯುವ ಅದಕ್ಕೆ ಕಣ್ಣಳವಿನಿಂದ ಸಂಗಾತಿ ಮರೆಯಾದೊಡನೆ ಕೂಗಿ ಕರೆಯುವುದು ಪ್ರಾಣರಕ್ಷಣೆಯ ಉಪಾಯ. “ನಾನಿಲ್ಲಿದ್ದೇನೆ, ನೀನೆಲ್ಲಿದ್ದೀಯೆ?” ಎಂಬುದೇ ಆ ಕೂಗಿನ ತಾತ್ಪರ್ಯ. ಹಿಂಡಿನಿಂದ ಮರುದನಿ ಬಂದರೆ ಅದು ಸುಮ್ಮನಾಗುತ್ತದೆ. ಬಾರದಿದ್ದರೆ ದನಿಯನ್ನು ಏರಿಸುತ್ತದೆ. ಒಮ್ಮೆ ಜೊತೆಯಾದ ಜೋಡಿಗಳು ಬಹುಕಾಲ ಒಟ್ಟಿಗಿದ್ದು, ಹಗಲು ಗಂಡೂ ರಾತ್ರಿ ಹೆಣ್ಣೂ ಸರದಿಯಿಂದ ಮೊಟ್ಟೆಗಳಿಗೆ ಕಾವು ಕೊಡುತ್ತವೆ. ಇಂಥ ಸ್ವಭಾವದ ಜೀವವನ್ನು ಒಂಟಿಯಾಗಿ ಪಂಜರದಲ್ಲಿಟ್ಟಾಗ ಅದರ ಪಾಲಿಗೆ ನಾವೇ ಹಿಂಡು.

ಮೊದಲು ಪಶುವೈದ್ಯರಿಗೆ ತೋರಿಸಿ, ರೋಗವಾಗಲಿ ನೋವಾಗಲಿ ಇಲ್ಲವೆಂಬುದನ್ನು ಖಚಿತಪಡಿಸಿಕೊಂಡೆವು. ಅನಂತರ ಹದಿನೈದು ದಿನ ಅದು ಕೂಗುವ ವೇಳೆಯನ್ನೂ ಸಂದರ್ಭವನ್ನೂ ಒಂದು ಪುಸ್ತಕದಲ್ಲಿ ಬರೆದಿಟ್ಟೆನು. ಕ್ರಮ ತಾನಾಗಿ ಹೊರಬಿದ್ದಿತು. ಬೆಳಕು ಹರಿದೊಡನೆ ಒಮ್ಮೆ. ಮೊಮ್ಮಗಳು ಶಾಲೆಗೆ, ಮಗ ಸೊಸೆಯರು ಕೆಲಸಕ್ಕೆ ಹೊರಟು ಮನೆ ಬರಿದಾದಾಗ ಬಹಳ ಹೊತ್ತು. ನಾನು ದೂರವಾಣಿಯಲ್ಲಿ ಮಾತನಾಡುವಾಗ. ಸಂಜೆ ಮಾವಿನ ತೋಪುಗಳ ಕಡೆಯಿಂದ ಗಿಳಿಗಳ ಹಿಂಡು ಕಿರುಚುತ್ತಾ ಹಾದುಹೋಗುವಾಗ. ಆ ಗಿಳಿಗಳು ಬೇರೆ ಜಾತಿಯವಾದರೂ ಮಿಟ್ಟು ಜುಟ್ಟನ್ನು ನಿಮಿರಿಸಿ ಅವುಗಳಿಗೆ ಉತ್ತರಿಸುತ್ತಿತ್ತು. ಅವು ನಿಲ್ಲದೆ ಹೋಗುತ್ತಿದ್ದವು.

ಆಮೇಲೆ ನಮ್ಮ ನಡವಳಿಕೆಯನ್ನು ಹಕ್ಕಿಯ ಸ್ವಭಾವಕ್ಕೆ ಹೊಂದಿಸಿಕೊಂಡೆವು. ಧೂಪದ ಹೊಗೆಯೂ ಅಡುಗೆಯ ಹೊಗೆಯೂ ತಾಗದಂತೆ, ಒಂದು ಬದಿಗೆ ಗೋಡೆಯ ಆಸರೆಯಿರುವ ನಡುಮನೆಯ ಮೂಲೆಯಲ್ಲಿ, ಪಕ್ಕದ ಮನೆಯ ಗೋಡೆಯಿಂದ ದೂರವಾಗಿ ದೊಡ್ಡ ಪಂಜರವನ್ನಿಟ್ಟೆವು. ಅದು ಮೆಲುದನಿಯಲ್ಲಿ ಶಿಳ್ಳೆ ಹಾಕಿದೊಡನೆ, ಯಾವ ಕೋಣೆಯಲ್ಲಿದ್ದರೂ ಅದೇ ಶಿಳ್ಳೆಯಿಂದ ಓಗೊಡುವುದನ್ನು ಮನೆಮಂದಿಯೆಲ್ಲ ರೂಢಿಸಿಕೊಂಡೆವು. ಕಿರುಚಿದಾಗ ಮಾತ್ರ ಓಡಿಹೋಗುವುದಿಲ್ಲ, ಗದರಿಸುವುದೂ ಇಲ್ಲ; ಏಕೆಂದರೆ ಗದರಿಕೆಯೂ ಅದರ ಪಾಲಿಗೆ ಮರುದನಿಯೇ. ಕಿರುಚಾಟ ನಿಂತು ಕೆಲವು ಕ್ಷಣ ಶಾಂತವಾದೊಡನೆ ಹತ್ತಿರ ಹೋಗಿ ಮಾತನಾಡಿಸುತ್ತೇವೆ. ಹೀಗೆ ಮಾಡತೊಡಗಿದ ಮೊದಲ ದಿನಗಳಲ್ಲಿ ಕೂಗು ಇಳಿಯುವ ಬದಲು ಏರಿತು. ಹಳೆಯ ಉಪಾಯ ಫಲಿಸದಿದ್ದಾಗ ಅದನ್ನೇ ಇನ್ನಷ್ಟು ಜೋರಾಗಿ ಪ್ರಯೋಗಿಸುವುದು ಪ್ರಾಣಿಗಳಿಗೂ ಮಕ್ಕಳಿಗೂ ಸಮಾನ. ಆಗ ಒಮ್ಮೆ ಸಹಿಸಿ ಒಮ್ಮೆ ಸೋತು ಓಡಿದರೆ ಆ ಅಭ್ಯಾಸ ಮತ್ತಷ್ಟು ಗಟ್ಟಿಯಾಗುತ್ತದೆ. ಆದುದರಿಂದ ಮನೆಯವರೆಲ್ಲರೂ ಒಂದೇ ರೀತಿ ನಡೆಯುವುದು ಅಗತ್ಯ.

ಹಗಲಿನ ಒಂಟಿತನಕ್ಕೆ ಕೆಲಸವೇ ಮದ್ದು. ಕಾಡಿನ ಹಕ್ಕಿ ದಿನದ ಬಹುಭಾಗವನ್ನು ಮೇವು ಹುಡುಕುವುದರಲ್ಲಿ ಕಳೆಯುತ್ತದೆ. ಪಂಜರದ ಹಕ್ಕಿಗೆ ಐದು ನಿಮಿಷದಲ್ಲಿ ಊಟ ಮುಗಿದು ಉಳಿದ ಹೊತ್ತೆಲ್ಲ ಬರಿದು. ನನ್ನ ಧರ್ಮಪತ್ನಿ ನವಣೆಯ ತೆನೆಯನ್ನು ಪಂಜರದ ಮೇಲ್ಭಾಗಕ್ಕೆ ಕಟ್ಟಿ, ಸ್ವಲ್ಪ ಸಜ್ಜೆಯನ್ನು ಬಿಳಿಯ ಕಾಗದದ ಉಂಡೆಗಳಲ್ಲಿ ಬಚ್ಚಿಡುತ್ತಾಳೆ. ಕೂರಲು ಸೀಬೆಯ ಕೊಂಬೆ, ಕಚ್ಚಿ ಸೀಳಲು ಒಣ ತೆಂಗಿನ ನಾರು. ಬೆಳಿಗ್ಗೆ ಸಂಜೆ ಫ್ಯಾನು ನಿಲ್ಲಿಸಿ, ಕಿಟಕಿಗಳನ್ನು ಮುಚ್ಚಿ ಒಂದೊಂದು ಗಂಟೆ ನಡುಮನೆಯಲ್ಲಿ ಹಾರಾಡಲು ಬಿಡುತ್ತೇವೆ. ರಾತ್ರಿ ಹತ್ತು ಹನ್ನೊಂದು ಗಂಟೆಗಳ ನಿದ್ರೆ ಅದಕ್ಕೆ ಬೇಕು. ಕತ್ತಲಲ್ಲಿ ಬೆಚ್ಚಿಬಿದ್ದು ಪಂಜರಕ್ಕೆ ಬಡಿದುಕೊಳ್ಳುವ ಸ್ವಭಾವವಿರುವುದರಿಂದ ಸಣ್ಣ ದೀಪವೊಂದು ದೂರದಲ್ಲಿ ಉರಿಯುತ್ತಿರುತ್ತದೆ. ರಾತ್ರಿ ಪಂಜರದ ಮೂರು ಬದಿಗಳಿಗೆ ಬಟ್ಟೆ ಹೊದಿಸುವುದೂ ಉಂಟು. ನಿದ್ರೆಗೆಂದು ಹೊದಿಸುವ ಬಟ್ಟೆಗೂ ಶಿಕ್ಷೆಯೆಂದು ಹಗಲಿನಲ್ಲಿ ಹೊದಿಸುವ ಬಟ್ಟೆಗೂ ಇರುವ ಅಂತರ ಭಾವಹಿಂಸೆಯನ್ನು ಬಲ್ಲ ವಾಚಕರಿಗೆ ವಿವರಿಸಬೇಕಾಗಿಲ್ಲ.

ಪಕ್ಕದ ಮನೆಯ ಹಿರಿಯರಿಗೆ ಈ ವೇಳಾಪಟ್ಟಿಯನ್ನು ತಿಳಿಸಿ, ಅವರು ಮಲಗುವ ಮಧ್ಯಾಹ್ನದ ಹೊತ್ತಿನಲ್ಲಿ ನಾನು ಪಂಜರದ ಬಳಿಯೇ ಕುಳಿತು ಓದುವುದನ್ನು ನಿಯಮ ಮಾಡಿಕೊಂಡೆನು. ಸಂಗಾತಿ ಕಣ್ಣೆದುರಿಗಿದ್ದರೆ ಹಕ್ಕಿ ಗರಿ ತಿದ್ದಿಕೊಳ್ಳುತ್ತಾ ತಾನೂ ತೂಕಡಿಸುತ್ತದೆ. ಎರಡು ತಿಂಗಳಲ್ಲಿ ಕಿರುಚಾಟ ಬಹುಮಟ್ಟಿಗೆ ತಗ್ಗಿತು, ಪೂರ್ತಿ ನಿಲ್ಲಲಿಲ್ಲ. ಬೆಳಗಿನ ಕೂಗು, ಸಂಜೆ ಗಿಳಿಗಳು ಹಾದುಹೋಗುವಾಗಿನ ಕೂಗು ಇಂದಿಗೂ ಇವೆ. “ಅಷ್ಟೂ ಕೂಗದಿದ್ದರೆ ಅದು ಹಕ್ಕಿ ಹೇಗಾದೀತು, ಇರಲಿ ಬಿಡಿ ಮೇಷ್ಟ್ರೇ” ಎಂದು ಆ ಹಿರಿಯರೇ ಹೇಳಿದರು. ಅವರ ಸಹನೆಯೂ ಜೀವದಯೆಯೇ ಎಂದು ನಾನು ತಿಳಿದಿದ್ದೇನೆ.

ಒಂಟಿತನ ಕಳೆಯಲು ಇನ್ನೊಂದು ಹಕ್ಕಿಯನ್ನು ಕೊಂಡುತರಬಾರದೇಕೆ ಎಂಬ ಸೂಚನೆಯೂ ಬಂದಿತು. ಒಂದು ಬಂಧನದ ದುಃಖವನ್ನು ಕಳೆಯಲು ಇನ್ನೊಂದು ಬಂಧನಕ್ಕೆ ಹಣ ತೆರುವುದು ನಮಗೆ ಸರಿಕಾಣಲಿಲ್ಲ. ಕೊಂಡ ಪ್ರತಿಯೊಂದು ಹಕ್ಕಿಯ ಜಾಗದಲ್ಲಿ ಅಂಗಡಿಯವನು ಮತ್ತೊಂದನ್ನು ತಂದಿಡುತ್ತಾನೆ. ಯಾರಾದರೂ ಸಾಕಲಾರದೆ ಬಿಟ್ಟುಹೋಗುವ ಹಕ್ಕಿಯಿದ್ದರೆ ಆ ಮಾತು ಬೇರೆ.

ಕಾನೂನಿನ ವಿಷಯವನ್ನೂ ಗಮನಿಸಬೇಕು. ನಮ್ಮ ನಾಡಿನ ಗಿಳಿಗಳನ್ನು ಹಿಡಿಯುವುದೂ ಪಂಜರದಲ್ಲಿಡುವುದೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧ. ಕಾಕಟೀಲನ್ನು ಸಾಕಲು ಅಂಥ ನಿಷೇಧವಿಲ್ಲ. ಆದರೆ 1960ರ ಪ್ರಾಣಿಹಿಂಸೆ ತಡೆ ಕಾಯಿದೆಯು, ಅಲುಗಾಡಲು ತಕ್ಕಷ್ಟು ಜಾಗವಿಲ್ಲದ ಪಂಜರದಲ್ಲಿ ಯಾವುದೇ ಪ್ರಾಣಿಯನ್ನಿಡುವುದನ್ನು ಕ್ರೌರ್ಯವೆಂದೇ ಪರಿಗಣಿಸುತ್ತದೆ. ಕಾನೂನು ಪಂಜರದ ಅಳತೆಯನ್ನು ಕೇಳುತ್ತದೆ. ನಮ್ಮ ವ್ರತ ಅದಕ್ಕಿಂತ ಹೆಚ್ಚನ್ನು ಕೇಳುತ್ತದೆ.

ಬಸದಿಗಳ ವಿಶ್ವಸ್ತ ಮಂಡಳಿಗಳಲ್ಲಿ ಎರಡು ವಿನಂತಿಗಳು. ಸಾಕಲಾರದವರು ತಮ್ಮ ಹಕ್ಕಿಗಳನ್ನು ಪುಣ್ಯಕ್ಷೇತ್ರವೆಂದು ಬಸದಿಯ ಆವರಣಕ್ಕೆ ತಂದು ಬಿಡಲು ಬಂದರೆ, ನಿತ್ಯ ನೋಡಿಕೊಳ್ಳುವ ಒಬ್ಬರು ಗೊತ್ತಾಗದೆ ಸ್ವೀಕರಿಸಬಾರದು. ಅದರ ಬದಲು ಸಾಕಲು ಸಿದ್ಧರಿರುವ ಕುಟುಂಬಗಳ ಒಂದು ಪಟ್ಟಿಯನ್ನು ಇಟ್ಟುಕೊಂಡು ಇಬ್ಬರನ್ನೂ ಕೂಡಿಸಬಹುದು. ಎರಡನೆಯದಾಗಿ, ಪರ್ವದ ದಿನಗಳಲ್ಲಿ ಬೇಟೆಗಾರರಿಂದ ಹಕ್ಕಿಗಳನ್ನು ಕೊಂಡು ಬಿಡುಗಡೆ ಮಾಡುವ ವಾಡಿಕೆಯನ್ನು ಪ್ರೋತ್ಸಾಹಿಸಬಾರದು. ಬಿಡುವುದಕ್ಕೆಂದು ಕೊಳ್ಳುವವರಿದ್ದರೆ ಹಿಡಿಯುವವರೂ ಇರುತ್ತಾರೆ.

ಕೊನೆಯದಾಗಿ ಒಂದು ಮಾತು. ಚೆನ್ನಾಗಿ ಸಾಕಿದ ಕಾಕಟೀಲ್ ಹದಿನೈದು ಇಪ್ಪತ್ತು ವರ್ಷ ಬದುಕುತ್ತದೆ. ನನಗೀಗ ಅರವತ್ತೆಂಟು, ಮಿಟ್ಟುವಿಗೆ ಐದು. ಲೆಕ್ಕ ಸರಳವಾಗಿದೆ. ನನ್ನ ನಂತರ ಅದನ್ನು ಯಾರು ನೋಡಿಕೊಳ್ಳಬೇಕೆಂಬುದನ್ನು ಮನೆಯವರೆಲ್ಲ ಕುಳಿತು ಮಾತನಾಡಿದಾಗ ಮೊಮ್ಮಗಳು ತಾನಾಗಿ ಒಪ್ಪಿಕೊಂಡಳು. ಅವಳ ತಂದೆತಾಯಿಯರೂ ಒಪ್ಪಿದರು. ಮಗುವಿನ ಹುಟ್ಟುಹಬ್ಬಕ್ಕೆಂದು ಹಕ್ಕಿಯನ್ನು ಕೊಳ್ಳಲು ಹೊರಡುವ ತಂದೆತಾಯಿಯರು ಅಂಗಡಿಯ ಮೆಟ್ಟಿಲೇರುವ ಮೊದಲೇ ಈ ಲೆಕ್ಕವನ್ನು ಮಾಡಲಿ. ಮಾಡಿದರೆ ಬಹುಶಃ ಬರಿಗೈಯಲ್ಲಿ ಹಿಂತಿರುಗುತ್ತಾರೆ, ಅದೇ ಉತ್ತಮ. ಈಗಾಗಲೇ ಮನೆಯಲ್ಲಿ ಪಂಜರವಿರುವವರು, ಒಳಗಿನ ಜೀವ ಮೆಲುದನಿಯಲ್ಲಿ ಕರೆಯುತ್ತಿರುವಾಗಲೇ ಓಗೊಡಲಿ. ಕಿರುಚುವವರೆಗೆ ಅದನ್ನು ಕಾಯಿಸದಿರುವುದು ನಾವು ಅದಕ್ಕೆ ಸಲ್ಲಿಸಬೇಕಾದ ಋಣ.