ಪೊರಕೆ ಕಡ್ಡಿಯ ಕರ್ಣ

ಕಳೆದ ವರ್ಷ ಮಗಳ ಶಾಲೆಯ ವಿಜ್ಞಾನ ವಸ್ತುಪ್ರದರ್ಶನಕ್ಕೆ ಜ್ವಾಲಾಮುಖಿ ಮಾಡಿದವನು ನಾನು. ಅವಳಾಗ ಎರಡನೇ ಕ್ಲಾಸು. ಥರ್ಮಾಕೋಲ್ ಕತ್ತರಿಸಿದ್ದು, ಬಣ್ಣ ಬಳಿದಿದ್ದು, ಅಡುಗೆ ಸೋಡಾಕ್ಕೆ ವಿನೆಗರ್ ಸುರಿದು ನೊರೆ ಸರಿಯಾಗಿ ಉಕ್ಕುತ್ತದೆಯೇ ಎಂದು ಮೂರು ಸಲ ನೋಡಿದ್ದು ಎಲ್ಲ ನಾನೇ. ಅವಳ ಪಾಲಿಗೆ ಬಂದಿದ್ದು ಹೆಸರಿನ ಚೀಟಿ ಅಂಟಿಸುವ ಕೆಲಸ.

ತೀರ್ಪುಗಾರರಾಗಿ ಬಂದಿದ್ದ ಮೇಡಂ ಬಗ್ಗಿ, "ನೊರೆ ಯಾಕೆ ಬರುತ್ತೆ ಪುಟ್ಟಿ?" ಎಂದು ಕೇಳಿದರು. ಮಗಳು ಗೋಡೆಯ ಪಕ್ಕ ನಿಂತಿದ್ದ ನನ್ನನ್ನು ತೋರಿಸಿ, "ನಮ್ಮಪ್ಪಂಗೆ ಗೊತ್ತು" ಅಂದಳು. ಸುತ್ತ ಇದ್ದವರು ನಕ್ಕರು. ನಾನೂ ನಕ್ಕೆ. ಎರಡನೇ ಬಹುಮಾನವೂ ಬಂತು. ಮನೆಗೆ ಬಂದ ಮೇಲೆ ಅವಳು ಸರ್ಟಿಫಿಕೇಟನ್ನು ನನ್ನ ಮುಂದಿಟ್ಟು, "ತಗೋಪ್ಪ, ಇದು ನಿಂದು" ಎಂದು ಆಡಲು ಓಡಿದಳು. ಆ ಮಾತಿನಲ್ಲಿ ಕೊಂಕಿರಲಿಲ್ಲ, ಬೇಸರವೂ ಇರಲಿಲ್ಲ. ನನಗೆ ಚುಚ್ಚಿದ್ದು ಅದೇ.

ಅರವಿಂದ ಗುಪ್ತರ ಬೆಂಕಿಕಡ್ಡಿ ಆಟಿಕೆಗಳ ಬಗ್ಗೆ ಎಂದೋ ಓದಿದ್ದು ಆ ರಾತ್ರಿ ನೆನಪಾಯಿತು. ಐಐಟಿ ಕಾನ್ಪುರದಲ್ಲಿ ಎಂಜಿನಿಯರಿಂಗ್ ಓದಿ ಕಂಪನಿ ಕೆಲಸದಲ್ಲಿದ್ದ ಅವರು, 1978ರಲ್ಲಿ ಒಂದು ವರ್ಷ ರಜೆ ಹಾಕಿ ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಗೆ ಹೋದರು. 1972ರಲ್ಲಿ 16 ಹಳ್ಳಿ ಶಾಲೆಗಳಲ್ಲಿ ಆರಂಭವಾದ ವಿಜ್ಞಾನ ಶಿಕ್ಷಣ ಕಾರ್ಯಕ್ರಮವೊಂದು ಅಲ್ಲಿ ನಡೆಯುತ್ತಿತ್ತು. ಅದರ ಪಠ್ಯವಾದ 'ಬಾಲ ವೈಜ್ಞಾನಿಕ್'ನಲ್ಲಿ ಮಾಡಿನೋಡುವ ಪ್ರಯೋಗಗಳಿದ್ದವು, ಪ್ರಶ್ನೆಗಳಿದ್ದವು, ಉತ್ತರಗಳಿರಲಿಲ್ಲ. ಉತ್ತರವನ್ನು ಮಕ್ಕಳೇ ಮಾಡಿ, ಚರ್ಚಿಸಿ ಬರೆದುಕೊಳ್ಳಬೇಕಿತ್ತು. ಅಲ್ಲಿಯ ಸಂತೆಯಲ್ಲಿ ಸಿಕ್ಕ ಸೈಕಲ್ ವಾಲ್ ಟ್ಯೂಬನ್ನು ತುಂಡು ಮಾಡಿ, ಎರಡೂ ಬದಿಗೆ ಬೆಂಕಿಕಡ್ಡಿ ತುರುಕಿದರೆ ಬೇಕಾದ ಕಡೆ ಬಾಗುವ ಕೀಲು ಸಿಗುತ್ತದೆಂದು ಗುಪ್ತರು ಕಂಡುಕೊಂಡರು. 2002ರಲ್ಲಿ ಸರ್ಕಾರ ಆ ಕಾರ್ಯಕ್ರಮವನ್ನು ನಿಲ್ಲಿಸಿತು. ಕಡ್ಡಿಯ ಆಟ ಮಾತ್ರ ಉಳಿದುಕೊಂಡಿತು.

ನಮ್ಮೂರಿನ ಸೈಕಲ್ ಶಾಪಿನಲ್ಲಿ ವಾಲ್ ಟ್ಯೂಬ್ ಕೇಳಿದಾಗ ಅಂಗಡಿಯವರು ನನ್ನನ್ನೇ ನೋಡಿದರು. "ಈಗ್ಯಾರು ಸಾರ್ ಕೇಳ್ತಾರೆ ಇದನ್ನ!" ಎನ್ನುತ್ತಾ, ಹಳೇ ಬಿಸ್ಕತ್ತಿನ ಡಬ್ಬ ತಡಕಾಡಿ ಎರಡು ಮೊಳದಷ್ಟು ತೆಗೆದು ಕೊಟ್ಟರು.

ಭಾನುವಾರ ಪಡಸಾಲೆಯಲ್ಲಿ ಕೂತೆವು. ಕಡ್ಡಿಗಳ ಮದ್ದನ್ನು ಮೊದಲೇ ಕೆರೆದು ತೆಗೆದಿದ್ದೆ. ದಬ್ಬಣದಿಂದ ಟ್ಯೂಬಿಗೆ ತೂತು ಹಾಕಿಕೊಡುವುದು ಬಿಟ್ಟರೆ ಬೇರೇನೂ ಮಾಡಬಾರದೆಂದು ನನಗೆ ನಾನೇ ಆಣೆ ಹಾಕಿಕೊಂಡಿದ್ದೆ. ಮಗಳು ಮೂರು ಕಡ್ಡಿ ಸೇರಿಸಿದಳು. ಎಷ್ಟು ಒತ್ತಿದರೂ ಅದರ ಆಕಾರ ಕೆಡಲಿಲ್ಲ. ನಾಲ್ಕು ಕಡ್ಡಿ ಸೇರಿಸಿದಾಗ ಚೌಕವಾಯಿತು, ಒಂದು ಬೆರಳು ತಾಗಿದರೆ ಸಾಕು, ಪಕ್ಕಕ್ಕೆ ವಾಲಿತು. "ಗೋಡೆ ನಿಲ್ತಾನೇ ಇಲ್ಲ!" ಅವಳ ದನಿ ಅಳುವಿನ ಅಂಚಿಗೆ ಬಂತು. ಎಂಜಿನಿಯರಿಂಗ್ ಓದಿದ ನನ್ನ ಕೈ ತಾನಾಗಿ ಮುಂದೆ ಹೋಯಿತು. ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅಮ್ಮ ಮೊರವನ್ನು ನನ್ನ ಕಡೆ ತಳ್ಳಿ, "ಕೈ ಸುಮ್ನಿರಲ್ಲ ಅಂದ್ರೆ ಇದನ್ನ ಸುಲಿ" ಅಂದರು.

ಸುಲಿಯುತ್ತಾ ಕೂತೆ. ನನ್ನ ತಲೆಯಲ್ಲಿ ಉತ್ತರ ಸಿದ್ಧವಿತ್ತು: ಮೂಲೆಯಿಂದ ಮೂಲೆಗೆ ಒಂದು ಕಡ್ಡಿ ಹಾಕಿದರಾಯಿತು. ಸ್ವಲ್ಪ ಹೊತ್ತಿಗೆ ಅವಳೂ ಅಲ್ಲಿಗೇ ಬಂದಳು. ಅಡ್ಡಕ್ಕೆ ಕಡ್ಡಿ ಸಿಕ್ಕಿಸಿದಳು, ಗೋಡೆ ಗಟ್ಟಿಯಾಯಿತು. ಆದರೆ ಚೌಕ ಉಳಿಯಲಿಲ್ಲ, ವಜ್ರದ ಆಕಾರಕ್ಕೆ ಓರೆಯಾಗಿ ನಿಂತಿತು. ನಾನು ಬೆಪ್ಪಾದೆ. ಚೌಕದ ಕರ್ಣ ಅದರ ಬದಿಗಿಂತ ಉದ್ದ, ಸುಮಾರು 1.41 ಪಟ್ಟು ಎಂದು ಪರೀಕ್ಷೆಯಲ್ಲಿ ಎಷ್ಟು ಸಲ ಬರೆದಿದ್ದೆ! ಅಷ್ಟೇ ಉದ್ದದ ಕಡ್ಡಿ ಅಲ್ಲಿ ಸಾಲದೆಂದು ನನಗೆ ಹೊಳೆದೇ ಇರಲಿಲ್ಲ. ಅವಳ ಪರವಾಗಿ ಉತ್ತರ ಹೇಳಿದ್ದರೆ ತಪ್ಪು ಉತ್ತರವನ್ನೇ ಹೇಳುತ್ತಿದ್ದೆ.

"ಕಡ್ಡಿ ಗಿಡ್ಡ ಆಯ್ತು" ಎಂದು ಗೊಣಗುತ್ತಾ ಎದ್ದುಹೋದಳು. ಆಟ ಮುಗಿಯಿತೆಂದುಕೊಂಡೆ. ಹಿತ್ತಿಲಿಂದ ಬಂದಾಗ ಕೈಯಲ್ಲಿ ತೆಂಗಿನ ಪೊರಕೆಯ ಒಂದು ಕಡ್ಡಿ ಇತ್ತು. ಓರೆಯಾದ ಗೋಡೆಯನ್ನು ಪುಸ್ತಕದ ಮೂಲೆಗೆ ಒತ್ತಿ ನೆಟ್ಟಗೆ ಮಾಡಿದಳು. ಪೊರಕೆ ಕಡ್ಡಿಯನ್ನು ಮೂಲೆಯಿಂದ ಮೂಲೆಗೆ ಹಿಡಿದು, ಉಗುರಿನಿಂದ ಗುರುತು ಮಾಡಿ, ಲಟಕ್ಕನೆ ಮುರಿದಳು. ಮೊದಲನೆಯದು ಉದ್ದವಾಯಿತು, ಎರಡನೆಯದು ಜಾರಿತು, ಮೂರನೆಯದು ಕೂತಿತು. ಗೋಡೆ ಚೌಕವಾಗಿ ನಿಂತಿತು. ಚಪ್ಪಾಳೆ ತಟ್ಟೋಣವೆಂದರೆ ನನ್ನ ಕೈ ತುಂಬ ಅವರೆಕಾಳು. ಅವಳಿಗೂ ನನ್ನ ಚಪ್ಪಾಳೆ ಬೇಕಿರಲಿಲ್ಲ, ಎರಡನೇ ಗೋಡೆ ಶುರು ಮಾಡಿದ್ದಳು.

ಪೈಥಾಗೊರಸನ ಪ್ರಮೇಯವನ್ನು ಅವಳು ಓದುವುದು ಇನ್ನೂ ಎಷ್ಟೋ ವರ್ಷಗಳ ಮೇಲೆ. ಓದುವಾಗ ಈ ಭಾನುವಾರ ನೆನಪಿಗೆ ಬರುತ್ತದೋ ಇಲ್ಲವೋ, ಅದು ಅವಳಿಗೆ ಬಿಟ್ಟದ್ದು. ಕಲಿಸುವ ಅವಸರದಲ್ಲಿ ಮಗುವಿನ ಕೈಯಿಂದ ನಾನು ಏನೇನು ಕಿತ್ತುಕೊಳ್ಳುತ್ತಿದ್ದೆ ಎಂಬ ಲೆಕ್ಕ ಮಾತ್ರ ನನಗೆ ಬಿಟ್ಟದ್ದು. ಅವಳು ಮುರಿದು ಎಸೆದ ಆ ಎರಡು ಕಡ್ಡಿಗಳನ್ನೂ ನಾನಾಗಿದ್ದರೆ ಉಳಿಸಿಕೊಡುತ್ತಿದ್ದೆ. ಮೂರನೆಯದನ್ನು ಎಷ್ಟು ಉದ್ದಕ್ಕೆ ಮುರಿಯಬೇಕೆಂದು ಅವಳಿಗೆ ತಿಳಿದದ್ದು ಆ ಎರಡರಿಂದಲೇ.

ಸೋಮವಾರ ಬೆಳಿಗ್ಗೆ ಸ್ಕೂಟರಿನಲ್ಲಿ ಶಾಲೆಗೆ ಹೊರಟಿದ್ದೆವು. ಗದ್ದೆ ಬಯಲಿನ ಹತ್ತಿರ ಬೆನ್ನಿಗೆ ಗುದ್ದು ಬಿತ್ತು. "ಅಪ್ಪಾ, ನಿಲ್ಸು ನಿಲ್ಸು!" ಗಾಬರಿಯಿಂದ ಬ್ರೇಕ್ ಹಾಕಿದೆ. ಅವಳು ಕತ್ತೆತ್ತಿ ಹೈಟೆನ್ಷನ್ ಲೈನಿನ ಟವರ್ ನೋಡುತ್ತಿದ್ದಳು. ಬುಡದಿಂದ ತುದಿಯವರೆಗೆ ಕಬ್ಬಿಣದ ಪಟ್ಟಿಗಳು, ಒಂದೊಂದು ಚೌಕದಲ್ಲೂ ಓರೆಯಾಗಿ ಕೂರಿಸಿದವು.

"ಎಲ್ಲಾದ್ರಲ್ಲೂ ಪೊರಕೆ ಕಡ್ಡಿ ಹಾಕಿದಾರೆ ನೋಡಪ್ಪ" ಅಂದಳು.

ಆ ದಿನ ಶಾಲೆಗೆ ತಡವಾಯಿತು.